ದೊಡ್ಡಪ್ಪ ಕೈ ತೊಳೆಯಲಿಲ್ಲ

ನಮ್ಮ ಬೀದಿಯ ಹೆಂಗಸರು ನನ್ನನ್ನು ಕಂಡರೆ ಎರಡೇ ಪ್ರಶ್ನೆ ಕೇಳುತ್ತಾರೆ. ಇವತ್ತು ನೀರು ಬಂತಾ ಎನ್ನುವುದು ಒಂದು. ಮಗಳನ್ನು ಯಾವ ಸ್ಕೂಲಿಗೆ ಹಾಕಿದ್ದೀರಿ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಸಮಾಧಾನವಾಗಿ ಉತ್ತರ ಕೊಡುತ್ತೇನೆ. ಎರಡನೆಯದಕ್ಕೆ ‘ಯಾವ ಸ್ಕೂಲಿಗೂ ಹಾಕಿಲ್ಲ, ಮನೆಯಲ್ಲೇ ಕಲಿಸುತ್ತೇನೆ’ ಎಂದಾಗ ಅವರ ಮುಖ ನೋಡಬೇಕು. ಮಗುವಿಗೆ ಏನಾದರೂ ಕಾಯಿಲೆಯಾ ಎಂದು ದನಿ ತಗ್ಗಿಸಿ ಕೇಳಿದವರಿದ್ದಾರೆ. ತಾಯಿಗೇ ತಲೆ ಸರಿಯಿಲ್ಲ ಎಂದು ಒಬ್ಬಾಕೆ ಹಾಲಿನ ಬೂತಿನ ಮುಂದೆ ಹೇಳಿದ್ದು ನನ್ನ ಕಿವಿಗೇ ಬಿದ್ದಿದೆ. ಸುಧಾಮಣಿಗೆ ಕೋಪ ಮೂಗಿನ ತುದಿಯಲ್ಲಿ ಎನ್ನುತ್ತಾರೆ. ಇರಲಿ. ಮೂಗು ನನ್ನದು, ಕೋಪವೂ ನನ್ನದು.

ಆ ಕೋಪಕ್ಕೆ ಕಾರಣ ಇದೆ. ನನ್ನ ಮಗಳು ಶಿವರಂಜಿನಿ, ನಮ್ಮ ಬಾಯಲ್ಲಿ ರಂಜು, ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅವಳ ಮಿಸ್ಸು ಅರಿಶಿನ ಒಂದು ಬೇರು ಎಂದು ಬೋರ್ಡಿನ ಮೇಲೆ ಬರೆದರು. ಚಾಮರಾಜನಗರದಲ್ಲಿ ಕೂತು ಅರಿಶಿನವನ್ನು ಬೇರು ಎನ್ನುವ ಧೈರ್ಯ ಯಾರಿಗಿರುತ್ತದೆ ಹೇಳಿ! ರಂಜು ಎದ್ದು ನಿಂತು, ‘ಮಿಸ್, ಅದು ಬೇರಲ್ಲ, ಕಾಂಡ. ಅದಕ್ಕೆ ಗಣ್ಣು ಇರುತ್ತೆ, ಗಣ್ಣಿಂದ ಮೊಳಕೆ ಬರುತ್ತೆ’ ಎಂದಳು. ಕುದೇರಿನಲ್ಲಿ ನನ್ನ ಚಿಕ್ಕವ್ವನ ಹೊಲದಲ್ಲಿ ಅರಿಶಿನ ಕೀಳುವುದು, ಬೇಯಿಸುವುದು, ಒಣಗಿಸುವುದು ಎಲ್ಲವನ್ನೂ ಕಣ್ಣಾರೆ ಕಂಡ ಮಗು ಅದು. ಮಿಸ್ಸು ಅವಳನ್ನು ಎರಡು ಪೀರಿಯಡ್ ಆಚೆ ನಿಲ್ಲಿಸಿದರು. ಆಮೇಲೆ ಅವಳ ಕೈಯಿಂದಲೇ ‘ಕಾಂಡ’ ಎನ್ನುವುದನ್ನು ಹೊಡೆದುಹಾಕಿಸಿ ‘ಬೇರು’ ಎಂದು ಇಪ್ಪತ್ತು ಸಲ ಬರೆಸಿದರು. ಡೈರಿಯಲ್ಲಿ ‘ದೊಡ್ಡವರಿಗೆ ಎದುರುತ್ತರ ಕೊಡುತ್ತಾಳೆ’ ಎಂದು ಕೆಂಪು ಶಾಯಿಯ ಷರಾ.

ನಾನು ಹೋಗಿ ಕೇಳಿದೆ. ಹೆಡ್ ಮಿಸ್ಸು ನಗುನಗುತ್ತಲೇ, ‘ನಿಮ್ಮ ಮಗು ಹೇಳಿದ್ದು ಸರಿಯೇ ಇರಬಹುದು, ಆದರೆ ಟೀಚರ್‌ಗೆ ಹಾಗೆ ಹೇಳಬಾರದು ಅಲ್ವಾ?’ ಎಂದರು. ಸರಿಯೇ ಇರಬಹುದಂತೆ! ಆ ನಗುವನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆಮೇಲೆ ರಂಜು ಕ್ಲಾಸಿನಲ್ಲಿ ಕೈ ಎತ್ತುವುದನ್ನು ಬಿಟ್ಟಳು. ಮನೆಗೆ ಬಂದು ನನ್ನ ಹತ್ತಿರ ಮಾತ್ರ ಎಲ್ಲ ಹೇಳುತ್ತಿದ್ದಳು. ಅಡುಗೆಮನೆ ಕಟ್ಟೆಯ ಮೇಲೆ ಕೂತು, ಇವತ್ತು ಹೀಗಂದರು, ಇವತ್ತು ಸುಮ್ಮನಿರು ಅಂದರು, ಇವತ್ತು ಪುಸ್ತಕದಲ್ಲಿದ್ದಷ್ಟು ಓದು ಸಾಕು ಅಂದರು ಎಂದು. ಆ ವರ್ಷ ಮುಗಿಯುವವರೆಗೆ ಕೇಳಿದೆ. ಏಪ್ರಿಲ್‌ನಲ್ಲಿ ಹೋಗಿ ಟಿ.ಸಿ. ತಂದೆ.

ಅಂದಿನಿಂದ ನಮ್ಮ ಬೈಕೇ ನಮ್ಮ ಸ್ಕೂಲು. ನನ್ನ ಗಂಡ ಮಹದೇವಪ್ರಸಾದ್ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವರಿಗೆ ವಾರದ ರಜೆ ಬಂದರೆ ಮೂವರೂ ಬುತ್ತಿ ಕಟ್ಟಿಕೊಂಡು ಹೊರಡುತ್ತೇವೆ. ಚಂದಕವಾಡಿಯ ಹತ್ತಿರ ಒಂದು ಹಳೇ ಬಾವಿಗೆ ಹಗ್ಗ ಇಳಿಬಿಟ್ಟು ಆಳ ಅಳೆದೆವು. ಗುಂಡ್ಲುಪೇಟೆಯ ಕಡೆ ಚೆಂಡುಹೂವಿನ ಹೊಲಕ್ಕೆ ಹೋದೆವು. ಊಟಿಗೆ ಹೋಗುವವರೆಲ್ಲ ಕಾರು ನಿಲ್ಲಿಸಿ ಹೂವಿನ ನಡುವೆ ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ರಂಜು ಹೂ ಬಿಡಿಸುವ ಹೆಂಗಸರ ಜೊತೆ ಸಾಲು ಹಿಡಿದು ಅರ್ಧ ಚೀಲ ತುಂಬಿಸಿದಳು. ಆ ಹೂವು ದೇವರಿಗಲ್ಲ, ಬಣ್ಣ ತೆಗೆಯುವ ಫ್ಯಾಕ್ಟರಿಗೆ ಎಂದು ಗೊತ್ತಾದಾಗ ಅವಳ ಬಾಯಿಂದ ಇಪ್ಪತ್ತು ಪ್ರಶ್ನೆ ಬಂದವು. ಎಲ್ಲವನ್ನೂ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ. ರಟ್ಟಿನ ಮೇಲೆ ‘ನೋಡಿದ್ದು’ ಎಂದು ಅವಳೇ ಹೆಸರಿಟ್ಟಿದ್ದಾಳೆ. ನಮ್ಮ ಸ್ಕೂಲಿಗೆ ಇರುವುದು ಒಂದೇ ರೂಲು, ಅದನ್ನು ಮಾಡಿದವಳು ನಾನು: ಕಂಡದ್ದನ್ನು ಹೇಳು, ಎದುರಿಗೆ ಯಾರೇ ಇರಲಿ.

ಎದುರಿಗೆ ಬಂದವರು ನನ್ನ ಭಾವ ಮೃತ್ಯುಂಜಯ. ಗುಂಡ್ಲುಪೇಟೆಯಲ್ಲಿ ಹೈಸ್ಕೂಲು ಮೇಷ್ಟ್ರು, ಅದರಲ್ಲೂ ಸೈನ್ಸ್ ಮೇಷ್ಟ್ರು. ಮಾವ ತೀರಿಕೊಂಡ ಮೇಲೆ ಮನೆಗೆ ಅವರೇ ಹಿರಿಯರು. ಕಾರ್ಖಾನೆಯಲ್ಲಿ ಅರವತ್ತು ಜನರನ್ನು ದಬಾಯಿಸುವ ನನ್ನ ಗಂಡ ಅಣ್ಣನ ಮುಂದೆ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಮೇ ತಿಂಗಳ ರಜೆಯಲ್ಲಿ ನಮ್ಮ ಮನೆಗೆ ಬಂದ ಭಾವ ಎಡ ಅಂಗೈಯಲ್ಲಿ ಹೊಗೆಸೊಪ್ಪು ಸುಣ್ಣ ಹಾಕಿ ಹೆಬ್ಬೆರಳಿನಿಂದ ತಿಕ್ಕುತ್ತ ತೀರ್ಪು ಕೊಟ್ಟರು.

“ಒಂದು ವರ್ಷ ಆಟ ಆಡಿದ್ದು ಸಾಕು ಕಣೋ ಮಾದೇವ. ಒಂದಿನ ನಾನೇ ನಿಮ್ಮ ಜೊತೇಲಿ ಬಂದು ನೋಡ್ತೀನಿ. ಮಗು ಏನಾದ್ರೂ ಕಲ್ತಿದ್ರೆ ಸರಿ, ನಾನು ಅಡ್ಡ ಬರಲ್ಲ. ಇಲ್ದಿದ್ರೆ ಜೂನ್‌ಗೆ ಐದನೇ ಕ್ಲಾಸಿಗೆ ಸೇರಿಸ್ಬುಡು.”

“ಆಯ್ತಣ್ಣ” ಎಂದರು ಇವರು. ನನ್ನನ್ನು ಒಂದು ಮಾತು ಕೇಳಲಿಲ್ಲ. ನನ್ನ ಮಗಳು ಅದೇ ಬೆಂಚಿಗೆ ಮರಳಬೇಕೋ ಬೇಡವೋ ಎನ್ನುವುದು ಒಂದು ಚಿಟಿಕೆ ಹೊಗೆಸೊಪ್ಪು ತಿಕ್ಕುವಷ್ಟರಲ್ಲಿ ಭಾವನ ಕೈಗೆ ಹೋಯಿತು. ಅಂದು ಜಗಳ ಆಡಬೇಕಿತ್ತು. ಆಡಲಿಲ್ಲ. ಬರಲಿ, ನೋಡಲಿ, ಬಾಯಿ ಮುಚ್ಚಿಕೊಂಡು ಹೋಗಲಿ ಎನ್ನುವ ಜಂಬ ನನಗೆ.

ಆ ಜಂಬದಲ್ಲೇ ಕುದೇರಿನ ಚಿಕ್ಕವ್ವನಿಗೆ ಫೋನು ಮಾಡಿದೆ. ಚಿಕ್ಕವ್ವ ಚಿಕ್ಕನಿಂಗಮ್ಮ ನಲವತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿರುವವಳು. ಹುಳುಮನೆ ಎಂದರೆ ಅವಳಿಗೆ ದೇವರಮನೆಗಿಂತ ಮಡಿ. ಹೂ ಮುಡಿದವರನ್ನು, ಪೌಡರು ಹಾಕಿದವರನ್ನು ಒಳಗೆ ಬಿಡುವುದಿಲ್ಲ. ಬೀಡಿ ಸೇದುವ ಗಂಡನನ್ನೇ ಬೆಳೆ ಮುಗಿಯುವ ತನಕ ಆ ಕಡೆ ಸುಳಿಯಗೊಡುವುದಿಲ್ಲ. ಹೊರಗಿನವರಂತೂ ಬಾಗಿಲಲ್ಲಿ ಇಣುಕುವಂತಿಲ್ಲ.

“ಹುಳ ನಾಕ್ನೇ ಜರ ಎದ್ದು ಮೂರ್ದಿನ ಆಗದೆ ಕಣಮ್ಮಿ, ಬಕಾಸುರ್ನಂಗೆ ತಿಂತಾ ಅವೆ. ಈಗ ಯಾರ್ನೂ ಕರ್ಕಬರ್ಬೇಡ” ಎಂದಳು. ಹುಳು ಪೊರೆ ಕಳಚಲು ಮಲಗುವುದಕ್ಕೆ ಜ್ವರ ಎನ್ನುತ್ತಾರೆ; ನಾಲ್ಕನೆಯದು ಮುಗಿದರೆ ಗೂಡು ಕಟ್ಟಲು ಒಂದೇ ವಾರ.

ನಾನು ಬಿಡಲಿಲ್ಲ. ರಂಜು ಹೋದ ವರ್ಷ ಒಂದು ಬೆಳೆ ಪೂರ್ತಿ ನಿನ್ನ ಜೊತೆ ಇದ್ದಳಲ್ಲ, ಅವಳಿಗೆ ಎಲ್ಲ ಗೊತ್ತು, ಭಾವನಿಗೆ ತೋರಿಸಲೇಬೇಕು, ಇದೊಂದು ಸಲ ಎಂದು ಗೋಗರೆದೆ.

“ಸರಿ ಬುಡು. ಬೀಗ್ರು ಅಂತೀಯ, ಬ್ಯಾಡ ಅನ್ನಕಾದದಾ” ಎಂದು ಒಪ್ಪಿಕೊಂಡಳು.

ಭಾನುವಾರ ಸ್ನೇಹಿತರೊಬ್ಬರ ಕಾರು ತೆಗೆದುಕೊಂಡು ಕುದೇರಿಗೆ ಹೋದೆವು. ದಾರಿಯುದ್ದಕ್ಕೂ ಭಾವ ರಂಜುವಿಗೆ ಮಗ್ಗಿ ಕೇಳಿದರು. ಹದಿನೇಳರ ಮಗ್ಗಿಯಲ್ಲಿ ಅವಳು ಒಂದು ಕಡೆ ತಡವರಿಸಿದಾಗ ‘ಹೂಂ’ ಎಂದು ನನ್ನ ಗಂಡನ ಕಡೆ ನೋಡಿದರು. 

ಚಿಕ್ಕವ್ವನ ಹುಳುಮನೆ ಹಿತ್ತಲಿನಲ್ಲಿದೆ. ಬಾಗಿಲಲ್ಲಿ ಸುಣ್ಣದ ಪುಡಿ ಹರಡಿದ ಒಂದು ಗೋಣಿಚೀಲ, ಪಕ್ಕದಲ್ಲಿ ಬ್ಲೀಚಿಂಗ್ ನೀರಿನ ಬಕೆಟ್ಟು. ಕಿಟಕಿಗಳಿಗೆ ಒದ್ದೆ ಚೀಲ ಇಳಿಬಿಟ್ಟಿದ್ದಳು. ನಮಗೆಲ್ಲ ಕಾಲು ಮೆಟ್ಟಿ, ಕೈ ಅದ್ದಿ, ಒರೆಸಿಕೊಂಡು ಒಳಗೆ ಹೋಗಿ ಎಂದು ಹೇಳಿ, ಅವಳು ಹಿಪ್ಪುನೇರಳೆ ಸೊಪ್ಪು ತರಲು ಆಚೆ ಕೊಟ್ಟಿಗೆಗೆ ಹೋದಳು. ರಂಜು ಯಾರೂ ಹೇಳದೆಯೇ ಮೊಣಕೈವರೆಗೆ ಕೈ ತೊಳೆದು, ಉಗುರು ನೋಡಿಕೊಂಡು, ತಲೆಯ ಕ್ಲಿಪ್ಪು ಬಿಚ್ಚಿ ಹೊರಗಿಟ್ಟಳು. ನಾನೂ ಇವರೂ ತೊಳೆದೆವು. ಭಾವ ಹೊಗೆಸೊಪ್ಪನ್ನು ಆಗಷ್ಟೇ ತಿಕ್ಕಿ ಬಾಯಿಗೆ ಹಾಕಿಕೊಂಡು, ಅಂಗೈಯನ್ನು ಪಂಚೆಗೆ ಒರೆಸಿ, ಬಕೆಟ್ಟು ದಾಟಿ ಸೀದಾ ಒಳಗೆ ಹೋದರು.

“ದೊಡ್ಡಪ್ಪ, ಕೈ ತೊಳೀಬೇಕು” ಎಂದಳು ರಂಜು. “ಹೊಗೆಸೊಪ್ಪು ಮುಟ್ಟಿದ ಕೈ ಹುಳಕ್ಕೆ ವಿಷ ಅಂತ ಅಜ್ಜಿ ಹೇಳಿದ್ದಾಳೆ. ನಾನು ಬರ್ಕೊಂಡೂ ಇದ್ದೀನಿ.”

ಭಾವನ ಹುಬ್ಬು ಗಂಟಾಯಿತು. ಇಪ್ಪತ್ತೆಂಟು ವರ್ಷ ಸೈನ್ಸ್ ಪಾಠ ಮಾಡಿದ ಮನುಷ್ಯನಿಗೆ ಹತ್ತು ವರ್ಷದ ಹುಡುಗಿ ಹೇಳಿದ್ದಳು.  ಮಗ್ಗಿಯ ‘ಹೂಂ’ ನೆನಪಾಯಿತು, ಜೂನ್ ತಿಂಗಳು ನೆನಪಾಯಿತು.

“ರಂಜು, ಸುಮ್ನಿರು. ದೊಡ್ಡೋರಿಗೆ ಹೇಳ್ಕೊಡೋಕೆ ಬರ್ಬೇಡ” ಎಂದೆ.

ನಾನೇ. ಈ ನನ್ನ ಬಾಯಿಂದಲೇ.

ರಂಜು ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಒಳಗೆ ಹೋದಳು. ಭಾವನ ಹುಬ್ಬು ಸಡಿಲವಾಯಿತು. “ಪರವಾಗಿಲ್ಲ, ಹೇಳಿದ ಮಾತು ಕೇಳ್ತದೆ ಮಗು” ಎಂದರು. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಖುಷಿಯಾಯಿತು. ಪರೀಕ್ಷೆಯಲ್ಲಿ ಮಗಳಿಗೆ ಮಾರ್ಕು ಬಂತು ಎನ್ನುವ ಖುಷಿ.

ಒಳಗೆ ಬಿದಿರಿನ ಸ್ಟ್ಯಾಂಡುಗಳ ಮೇಲೆ ಹನ್ನೆರಡು ತಟ್ಟೆ. ಅಷ್ಟೂ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತಿತ್ತು. ಭಾವ ಮೂಲೆಯ ತಟ್ಟೆಯ ಮುಂದೆ ನಿಂತು ಪಾಠ ಶುರು ಮಾಡಿದರು. ಹುಳುವಿನ ಲ್ಯಾಟಿನ್ ಹೆಸರು, ಜೀವನಚಕ್ರದ ನಾಲ್ಕು ಹಂತ. ನಡುನಡುವೆ ಬುಟ್ಟಿಯಿಂದ ಹಿಡಿ ಹಿಡಿ ಸೊಪ್ಪು ತೆಗೆದು, ಅದೇ ಅಂಗೈಯಲ್ಲಿ ಮುರಿದು ಮುರಿದು ಆ ತಟ್ಟೆಗೆ ಹಾಕಿದರು. ಒಂದೆರಡು ಹುಳುವನ್ನು ಎತ್ತಿ ಅಂಗೈ ಮೇಲಿಟ್ಟು ತೋರಿಸಿದರು. ಆಮೇಲೆ “ನೀನೂ ಹಾಕು” ಎಂದು ಬುಟ್ಟಿಯನ್ನು ರಂಜುವಿನ ಕಡೆ ತಳ್ಳಿದರು. ಅವಳು ಅದೇ ತಟ್ಟೆಗೆ ನಾಲ್ಕು ಎಲೆ ಹಾಕಿ ಕೈ ಹಿಂದಕ್ಕೆ ಕಟ್ಟಿಕೊಂಡಳು. ಭಾವ ಕೇಳಿದ ಯಾವ ಪ್ರಶ್ನೆಗೂ ಅವಳು ಒಂದು ಪದಕ್ಕಿಂತ ಹೆಚ್ಚು ಉತ್ತರ ಕೊಡಲಿಲ್ಲ. ಇವಳಿಗೇನಾಯಿತು, ಇವತ್ತೇ ಯಾಕೆ ಹೀಗೆ ಎಂದು ನಾನು ಒಳಗೊಳಗೇ ಸಿಡುಕಿದೆ. ನನ್ನ ದಡ್ಡತನ ನೋಡಿ.

ಊಟವಾಗಿ ಜಗುಲಿಯ ಮೇಲೆ ಕೂತಿದ್ದೆವು. ಸೊಪ್ಪು ಹಾಕಲು ಹೋದ ಚಿಕ್ಕವ್ವ ಒಳಗಿನಿಂದ “ಅಯ್ಯಯ್ಯೋ” ಎಂದಳು. ಓಡಿದೆವು. ಮೂಲೆಯ ತಟ್ಟೆಯಲ್ಲಿ ಹುಳುಗಳು ತಲೆ ಎತ್ತಿ ಅತ್ತಿತ್ತ ತೂಗುತ್ತಿದ್ದವು. ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಕೆಲವು ಆಗಲೇ ಮುದುಡಿ ಮೈ ಮೆತ್ತಗಾಗಿ ಬಿದ್ದಿದ್ದವು. ಇನ್ನು ನಾಲ್ಕು ದಿನ ಕಳೆದಿದ್ದರೆ ಗೂಡು ಕಟ್ಟಬೇಕಿದ್ದ ಹುಳುಗಳು.

ಯಾರೂ ಕೇಳುವ ಮೊದಲೇ ಭಾವ ಬಾಯಿ ತೆಗೆದರು.

“ಈ ಮಗು ಕೈಗೆ ಏನೋ ಹಚ್ಕೊಂಡಿರ್ಬೇಕು. ಕ್ರೀಮೋ, ಸೊಳ್ಳೆ ಎಣ್ಣೆನೋ. ನಾನು ನೋಡ್ದೆ, ಅದೇ ತಟ್ಟೆಗೇ ಹಾಕ್ತು. ಎಲ್ಲಾ ಮುಟ್ಟು, ಎಲ್ಲಾ ಹಿಡ್ಕೊ ಅಂತ ಬುಟ್ರೆ ಇದೇ ಗತಿ. ಶಿಸ್ತು ಅನ್ನೋದು ಸ್ಕೂಲಲ್ಲೇ ಬರ್ಬೇಕು ಕಣೋ ಮಾದೇವ.”

ನನ್ನ ಗಂಡ ನೆಲ ನೋಡಿದರು. ಚಿಕ್ಕವ್ವ ನನ್ನನ್ನು ನೋಡಿದಳು. ರಂಜು ಯಾರನ್ನೂ ನೋಡಲಿಲ್ಲ. ಕಣ್ಣಲ್ಲಿ ನೀರು ತುಂಬಿದ್ದರೂ ತುಟಿ ಬಿಗಿದು ನಿಂತಿದ್ದಳು. ನಾನು ಹೇಳಬಹುದಿತ್ತು. ಭಾವ, ಕೈ ತೊಳೆಯದೆ ಬಂದವರು ನೀವು, ನನ್ನ ಮಗಳು ಹೇಳಿದ್ದಳು, ನಾನು ಕೇಳಿದ್ದೇನೆ. ಇಷ್ಟೇ ಮಾತು.  ಈಗ ಅವರನ್ನು ಕೆಣಕಿದರೆ ಜೂನ್ ಖಂಡಿತ, ಸುಮ್ಮನಿದ್ದರೆ ಇವರೇ ಆಮೇಲೆ ಅಣ್ಣನಿಗೆ ಏನಾದರೂ ಹೇಳಿ ಸರಿಮಾಡಬಹುದು ಎಂದು ಲೆಕ್ಕ ಹಾಕಿದೆ. ಬೀದಿಯವರ ಮುಂದೆ, ಹೆಡ್ ಮಿಸ್ಸಿನ ಮುಂದೆ ಹುಲಿಯಂತೆ ಎಗರಾಡುವವಳು ಅಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತೆ.

ಚಿಕ್ಕವ್ವ ಆ ತಟ್ಟೆಯನ್ನು ಎತ್ತಿಕೊಂಡು ಹೋಗಿ ಹಿತ್ತಲಿನ ಗುಂಡಿಗೆ ಸುರಿದು ಸುಣ್ಣ ಎರಚಿದಳು.  ಹೊರಡುವಾಗ ರಂಜುವಿನ ಕೆನ್ನೆ ಸವರಿ ಒಂದು ಚಿಪ್ಪು ಬಾಳೆಹಣ್ಣು ಕೊಟ್ಟಳು.

ಭಾವನನ್ನು ಗುಂಡ್ಲುಪೇಟೆ ಬಸ್ಸು ಹತ್ತಿಸಿ ಮನೆ ಸೇರಿದೆವು. ಬಸ್ಸಿನ ಕಿಟಕಿಯಿಂದ ಅವರು ನನ್ನ ಗಂಡನಿಗೆ ಹೇಳಿದ ಮಾತು, “ಅಡ್ಮಿಷನ್ ಮಾಡ್ಸು.” ರಂಜು ಊಟ ಬೇಡ ಎಂದು ಮಲಗಿದಳು. ಅವಳ ಚೀಲದಿಂದ ನೋಟ್‌ಬುಕ್ ತೆಗೆದು ನೋಡಿದೆ. ಕುದೇರು ಎಂದು ತಲೆಬರಹ, ತಾರೀಖು, ಹನ್ನೆರಡು ತಟ್ಟೆ, ನಾಲ್ಕನೇ ಜ್ವರ, ದಿನಕ್ಕೆ ಎಷ್ಟು ಸಲ ಸೊಪ್ಪು. ಅದರ ಕೆಳಗೆ ಒಂದು ಸಾಲು: ‘ದೊಡ್ಡಪ್ಪ ಕೈ ತೊಳೆಯಲಿಲ್ಲ.’ ಆ ಸಾಲಿನ ಮೇಲೆ ಸ್ಕೇಲು ಇಟ್ಟು ನೇರವಾಗಿ ಗೀಟು ಎಳೆದಿದ್ದಳು. ಹೊಡೆದುಹಾಕು ಎಂದು ಈ ಸಲ ಯಾವ ಮಿಸ್ಸೂ ಹೇಳಿರಲಿಲ್ಲ.

 ಚಿಕ್ಕವ್ವನಿಗೆ ಫೋನು ಮಾಡಿ ಎಲ್ಲ ಹೇಳಿದೆ. 

“ನಂಗೆ ಗೊತ್ತಾಯ್ತು ಕಣಮ್ಮಿ. ನಲವತ್ತೊರ್ಸ ಹುಳ ಸಾಕೀವ್ನಿ, ಹೊಗೆಸೊಪ್ನ ಇಸ ಗೊತ್ತಾಗಲ್ವಾ? ಆ ಮೇಷ್ಟ್ರು ಮೂಲೆ ತಟ್ಟೆ ತಾವ ಎಲ್ಲಾ ಗಮ್ ಅಂತಿತ್ತು. ಆದ್ರೆ ನಿನ್ನ ಗಂಡನ ಮನೆ ಬೀಗ್ರು, ನಮ್ಮನೆ ಉಂಡೋರು, ಅವ್ರ ಮಕದ ಮುಂದೆ ನಾನೆಂಗೆ ಅನ್ನನ? ನೀನು ಬಾಯ್ ಬುಡ್ತೀಯೇನೋ ಅಂತ ನಿನ್ನೇ ನೋಡ್ತಾ ನಿಂತಿದ್ದಿ. ಹುಳ ಓದ್ರೆ ಓಗ್ಲಿ, ಇನ್ನೊಂದ್ ಬೆಳೆ ಮಾಡ್ಕತೀನಿ. ಆ ಕೂಸ್ನ ಯಾಕಮ್ಮಿ ಅಂಗೆ ನಿಲ್ಸ್‌ಬುಟ್ಟೆ?”

 ರಾತ್ರಿಯೆಲ್ಲ ಕೋಪ. ಭಾವನ ಮೇಲೆ, ನೆಲ ನೋಡಿದ ಗಂಡನ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ. ಬೆಳಿಗ್ಗೆ ಇವರು ಡ್ಯೂಟಿಗೆ ಹೋಗುತ್ತಿದ್ದ ಹಾಗೆ ರಂಜುವನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಗುಂಡ್ಲುಪೇಟೆಗೆ ಹೊರಟೆ. ತೆರಕಣಾಂಬಿ ದಾಟುವವರೆಗೂ ಹೇಳಬೇಕಾದ ಮಾತುಗಳನ್ನು ಬಾಯಲ್ಲೇ ಮಸೆಯುತ್ತಿದ್ದೆ. ರಂಜು ಏನೂ ಕೇಳಲಿಲ್ಲ. ರಸ್ತೆಬದಿಯ ಯಾವ ಹೊಲವನ್ನೂ ತೋರಿಸಲಿಲ್ಲ.

ಭಾವ ವರಾಂಡದಲ್ಲಿ ಪೇಪರು ಓದುತ್ತಿದ್ದರು. ಕೂತ್ಕೊ ಎಂದರು. ನಾನು ಕೂರಲಿಲ್ಲ.

“ಭಾವ, ಹುಳ ಕೊಂದಿದ್ದು ನೀವು. ಹೊಗೆಸೊಪ್ಪು ತಿಕ್ಕಿದ ಕೈ ತೊಳೀದೆ ಸೊಪ್ಪು ಹಾಕಿದ್ರಿ. ಅದನ್ನ ತಂದು ನನ್ನ ಮಗಳ ತಲೆಗೆ ಕಟ್ಟಿದ್ರಿ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಏನು ಪಾಠ ಮಾಡಿದ್ರೋ ಗೊತ್ತಿಲ್ಲ, ತಪ್ಪಾಯ್ತು ಅನ್ನೋ ಒಂದು ಪದ ನಿಮಗೆ ಬರಲ್ಲ.”

ಒಳಗಿನಿಂದ ನನ್ನ ಓರಗಿತ್ತಿ ತಟ್ಟೆಯಲ್ಲಿ ಕಾಫಿ ಲೋಟ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ಭಾವನ ಮುಖ ಕೆಂಪಾಯಿತು. ಆದರೆ ದನಿ ಏರಿಸಲಿಲ್ಲ, ಅಷ್ಟು ವರ್ಷದ ಮೇಷ್ಟ್ರಗಿರಿ.

“ನಾನು ಕೈ ತೊಳೀಲಿಲ್ಲ ಅಂತ ಯಾರು ನೋಡಿದ್ದು?”

“ನನ್ನ ಮಗಳು ನೋಡಿದ್ದಾಳೆ.”

“ಹಂಗಾದ್ರೆ ನಿನ್ನೆನೇ ಹೇಳ್ಬೇಕಿತ್ತಲ್ಲ? ಅಷ್ಟು ಜನ ಇದ್ರಲ್ಲ ಅಲ್ಲಿ. ನೀನು ಹೇಳ್ಕೊಟ್ಟಿದ್ದು ಈಗ ಒಪ್ಪಿಸ್ತದೆ ಅಷ್ಟೆ.”

ನಾನು ರಂಜುವನ್ನು ಮುಂದಕ್ಕೆ ತಂದು ಹೆಗಲ ಮೇಲೆ ಕೈಯಿಟ್ಟೆ. “ಹೇಳು ರಂಜು. ಹೆದರ್ಕೋಬೇಡ. ನೀನು ಕಂಡದ್ದನ್ನ ಹೇಳು.”

ಅವಳು ದೊಡ್ಡಪ್ಪನ ಕಡೆ ತಿರುಗಲಿಲ್ಲ. ನನ್ನ ಕಡೆ ತಿರುಗಿದಳು.

“ನಿನ್ನೆನೇ ಹೇಳಿದ್ನಲ್ಲಮ್ಮ. ನೀನೇ ಸುಮ್ನಿರು ಅಂದೆ.”

ಓರಗಿತ್ತಿಯ ಕೈಯ ಲೋಟ ತಟ್ಟೆಗೆ ತಗುಲಿ ಸದ್ದಾಯಿತು. ಭಾವ ಪೇಪರನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು. ಅವರ ಬಲಗೈ ಜೇಬಿನ ಹೊಗೆಸೊಪ್ಪಿನ ಪೊಟ್ಟಣದವರೆಗೆ ಹೋಗಿ ಹಿಂದಕ್ಕೆ ಬಂತು. ಕೊನೆಗೆ, ಯಾರಿಗೆ ಎಂದಿಲ್ಲದೆ, “ಕುದೇರಿನ ಆ ಯಮ್ಮನಿಗೆ ನಾನೇ ಫೋನ್ ಮಾಡಿ ಮಾತಾಡ್ತೀನಿ” ಎಂದರು. ತಪ್ಪಾಯಿತು ಎನ್ನಲಿಲ್ಲ. ನನ್ನ ಕಡೆ ನೋಡದೆ, “ಸ್ಕೂಲಿನ ವಿಷಯ ನಿಮ್ಮಿಷ್ಟ. ನಾನಿನ್ನು ಮಾತಾಡಲ್ಲ” ಎಂದರು.

ಗೆದ್ದೆ. ಬಂದ ಕೆಲಸ ಆಯಿತು. ಕಾಫಿ ಕುಡಿಯದೆ ಸ್ಕೂಟರ್ ಹತ್ತಿದೆ. ಊರು ದಾಟಿ ಬಾಳೆತೋಟಗಳು ಶುರುವಾಗುವ ಕಡೆ ಸುಮ್ಮನಿರಲಾಗದೆ ಹೇಳಿದೆ: “ಕೇಳಿಸ್ಕೊಂಡ್ಯಾ? ಇನ್ನು ನಿನ್ನ ಯಾರೂ ಸ್ಕೂಲಿಗೆ ಕಳ್ಸಲ್ಲ.”

ಹಿಂದಿನಿಂದ ಉತ್ತರ ಬಂತು.

“ನಾನು ಹೋಗ್ತೀನಮ್ಮ. ಜೂನ್‌ಗೆ ಸೇರ್ಸು.”

ಬ್ರೇಕು ಹಾಕಿದೆ. ರಸ್ತೆ ಪಕ್ಕಕ್ಕೆ ಸ್ಕೂಟರ್ ತಂದು ನಿಲ್ಲಿಸಿ ಇಳಿದು ಅವಳ ಮುಖ ನೋಡಿದೆ. ಅಳುತ್ತಿರಲಿಲ್ಲ. ಕೋಪವೂ ಇರಲಿಲ್ಲ. ಕೋಪ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ, ಅದು ನನಗೆ ಗೊತ್ತಿರುವ ವಿಷಯ.

“ಯಾಕೆ ಕಣಮ್ಮಿ? ಅಲ್ಲಿ ಮತ್ತೆ ಸುಮ್ನಿರು ಅಂತಾರೆ. ಬೇರು ಅಂತ ಬರೆಸ್ತಾರೆ. ಮರ್ತೋಯ್ತಾ?”

“ಗೊತ್ತು” ಎಂದಳು ರಂಜು. “ಅಲ್ಲಿ ಮಿಸ್ಸು ಸುಮ್ನಿರು ಅಂದ್ರೆ ಸಾಯಂಕಾಲ ಮನೆಗೆ ಬಂದು ನಿಂಗೆ ಹೇಳ್ತಿದ್ದೆ. ಮನೇಲಿ ನೀನೇ ಅಂದ್ರೆ ಯಾರಿಗೆ ಹೇಳ್ಲಿ?”